‘ಮಿಂಚಿನ ಓಟ’: ಮೆಚ್ಚುಗೆಯೂ ಆಕ್ಷೇಪವೂ

ಶಂಕರ್ ನಾಗ್ ನಿರ್ದೇಶನದ ‘ಮಿಂಚಿನ ಓಟ’ (1980) ರಾಜ್ಯಪ್ರಶಸ್ತಿ ಪುರಸ್ಕೃತ ಚಿತ್ರ. ಶಂಕರ್ ನಾಗ್, ಅನಂತ್ ನಾಗ್, ಲೋಕನಾಥ್ ಅಭಿನಯಿಸಿದ ಮೂವರು ಕಳ್ಳರು ಸೆರೆಮನೆಯಿಂದ ಪಾರಾಗಲು ಹೆಣಗುವುದೇ ಕಥೆಯ ತಿರುಳು.

ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ನಮ್ಮ ಮನೆಗಳಲ್ಲಿ ಈ ಚಿತ್ರದ ಮಾತು ಬಂದರೆ ಇಂದಿಗೂ ಅಭಿಪ್ರಾಯ ಎರಡಾಗುತ್ತದೆ. ಕಳ್ಳರ ಮೇಲೆ ಕನಿಕರ ಮೂಡಿಸುವುದು ಮಕ್ಕಳಿಗೆ ಸಲ್ಲದೆಂಬುದು ಕೆಲವರ ಆಕ್ಷೇಪ. ಗೋಡೆಯು ದೇಹವನ್ನು ಬಂಧಿಸೀತೇ ಹೊರತು ಮನಸ್ಸನ್ನು ತಿದ್ದಲಾರದೆಂಬ ಸತ್ಯ ಅದರಲ್ಲಿದೆಯೆಂಬುದು ಉಳಿದವರ ಮೆಚ್ಚುಗೆ.

ಹಸುಗಳನ್ನು ಕದ್ದೊಯ್ದವರಿಗೆ ಕರುಗಳನ್ನೂ ಕಳುಹಿಸಿಕೊಟ್ಟ ಬಸವಣ್ಣನವರ ಕಥೆಯನ್ನು ನಾವೆಲ್ಲ ಬಲ್ಲೆವು. ಅಲ್ಲಿ ಕಳವಿಗೆ ಸಮ್ಮತಿಯಿಲ್ಲ. ಕಳ್ಳನಲ್ಲಿಯೂ ಶಿವನನ್ನು ಕಾಣುವ ಕಣ್ಣಿದೆ. ಆದುದರಿಂದ ಚಿತ್ರವನ್ನು ಮರೆಮಾಡುವುದಕ್ಕಿಂತ ಮಕ್ಕಳೊಡನೆ ಕುಳಿತು ನೋಡಿ, ಕೃತ್ಯವನ್ನು ಖಂಡಿಸಿಯೂ ಮನುಷ್ಯನನ್ನು ಕೈಬಿಡದ ವಿವೇಕವನ್ನು ಕಲಿಸುವುದೇ ಲೇಸು.