ಒಂದು ಕುದಿ, ಎರಡು ಅಡುಗೆ: ಗೊಟ್ಟಿಗೆರೆ ಕಡೆಯ ಮಿತವ್ಯಯದ ಊಟ

ಬನ್ನೇರುಘಟ್ಟ ರಸ್ತೆಯ ಗೊಟ್ಟಿಗೆರೆ ಇಂದು ದಕ್ಷಿಣ ಬೆಂಗಳೂರಿನ ಬಡಾವಣೆಗಳಲ್ಲಿ ಒಂದಾಗಿ ಕಂಡರೂ, ಬಹುಕಾಲ ಅದು ಕೆರೆಯನ್ನೂ ಹೊಲವನ್ನೂ ನಂಬಿ ಬದುಕಿದ ಊರು. ಮಳೆಯನ್ನೇ ಆಶ್ರಯಿಸಿದ ಈ ಭಾಗದ ಖುಷ್ಕಿ ಹೊಲಗಳಲ್ಲಿ ರಾಗಿಯನ್ನು ಒಂಟಿಯಾಗಿ ಬಿತ್ತುವ ರೂಢಿ ಇರಲಿಲ್ಲ. ರಾಗಿಯ ನಡುನಡುವೆ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಸಾಸಿವೆಗಳನ್ನು ಸಾಲು ಹಿಡಿದು ಬಿತ್ತುತ್ತಿದ್ದರು, ಮತ್ತು ಈ ಮಿಶ್ರ ಬೇಸಾಯಕ್ಕೆ ಅಕ್ಕಡಿ ಎಂದು ಹೆಸರು. ಮಳೆ ಕೈಕೊಟ್ಟು ಒಂದು ಬೆಳೆ ಸೊರಗಿದರೂ ಇನ್ನೊಂದು ಕೈಗೆ ಸಿಗುತ್ತಿತ್ತು ಎಂಬುದು ಅಕ್ಕಡಿಯ ಕೃಷಿಲಾಭವಾದರೆ, ಅದರ ಅಡುಗೆಮನೆಯ ಲಾಭ ಇನ್ನೂ ದೊಡ್ಡದು: ಮುದ್ದೆಗೆ ರಾಗಿ, ಸಾರಿಗೆ ಕಾಳು, ಒಗ್ಗರಣೆಗೆ ಸಾಸಿವೆ, ಚಟ್ನಿಪುಡಿಗೆ ಹುಚ್ಚೆಳ್ಳು, ಕಳೆ ತೆಗೆಯುವಾಗ ಮಡಿಲು ತುಂಬ ಬೆರಕೆ ಸೊಪ್ಪು, ಎಲ್ಲವೂ ಒಂದೇ ಹೊಲದಿಂದ ಬರುತ್ತಿದ್ದವು. ಈ ಕಡೆಯ ಮಿತವ್ಯಯದ ಅಡುಗೆಯನ್ನು ಅರಿಯಬೇಕಾದರೆ ಈ ಹೊಲದಿಂದಲೇ ಆರಂಭಿಸಬೇಕು, ಏಕೆಂದರೆ ಕಡಿಮೆ ಖರ್ಚಿನ ಊಟವೆಂಬುದು ಇಲ್ಲಿ ಕೈ ಬರಿದಾದಾಗ ಹುಡುಕಿಕೊಂಡ ಉಪಾಯವಾಗಿರದೆ, ಬಿತ್ತನೆಯ ದಿನವೇ ಅರ್ಧ ತೀರ್ಮಾನವಾಗಿರುತ್ತಿದ್ದ ಒಂದು ಕ್ರಮವಾಗಿತ್ತು.

2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾಗಿ ಸುತ್ತಲಿನ ಊರುಗಳು ನಗರದ ಎಲ್ಲೆಯೊಳಗೆ ಬಂದ ಮೇಲೆ ಹೊಲಗಳು ಸೈಟುಗಳಾದವು, ಸೈಟುಗಳ ಮೇಲೆ ಬಾಡಿಗೆ ಮನೆ, ಅಪಾರ್ಟ್‌ಮೆಂಟು, ಪಿಜಿಗಳು ಎದ್ದವು. ಹೊಲ ಕೊಡುತ್ತಿದ್ದುದನ್ನೆಲ್ಲ ಈಗ ಅಂಗಡಿಯಿಂದ ತರಬೇಕು. ಆದರೆ ಸಂಸಾರದ ಆಹಾರದ ಖರ್ಚು ಏರಿರುವುದು ಅದೊಂದೇ ಕಾರಣಕ್ಕಲ್ಲ. ಕೇಂದ್ರ ಸರ್ಕಾರದ 2023-24ರ ಗೃಹಬಳಕೆ ವೆಚ್ಚ ಸಮೀಕ್ಷೆಯ ಪ್ರಕಾರ ದೇಶದ ನಗರವಾಸಿಗಳ ತಿಂಗಳ ತಲಾ ವೆಚ್ಚದಲ್ಲಿ ಸುಮಾರು ಶೇ. 40ರಷ್ಟು ಆಹಾರಕ್ಕೆ ಹೋಗುತ್ತದೆ, ಮತ್ತು ಆ ಆಹಾರದ ವೆಚ್ಚದಲ್ಲಿ ಅತಿ ದೊಡ್ಡ ಪಾಲು ಧಾನ್ಯದ್ದಲ್ಲ, ಬೇಳೆಯದಲ್ಲ, ಹಾಲಿನದೂ ಅಲ್ಲ. ಪಾನೀಯ, ತಿಂಡಿ ಮತ್ತು ಸಿದ್ಧಪಡಿಸಿದ ಆಹಾರದ್ದು. ಒಟ್ಟು ವೆಚ್ಚದ ಶೇ. 11ರಷ್ಟು ಇದಕ್ಕೇ ಸಂದಾಯವಾಗುತ್ತದೆ. ಮನೆಯ ಬಜೆಟ್ಟು ಸೋರುತ್ತಿರುವುದು ಅಕ್ಕಿಬೇಳೆಯ ಡಬ್ಬಿಯಿಂದ ಎಂದು ತಿಳಿದು, ಬೇಳೆಯನ್ನು ತೆಳ್ಳಗೆ ಮಾಡಿ, ಸೊಪ್ಪು ತರಕಾರಿ ಬಿಟ್ಟು, ಬರೀ ಅನ್ನದ ಪಾಲನ್ನು ಹೆಚ್ಚಿಸಿಕೊಳ್ಳುವ ಸಂಸಾರಗಳು ಆರೋಗ್ಯವನ್ನು ಕಳೆದುಕೊಳ್ಳುತ್ತವೆಯೇ ಹೊರತು ಹೆಚ್ಚೇನೂ ಉಳಿಸುವುದಿಲ್ಲ.

ಅಗ್ಗವಾಗಿಯೂ ಹೊಟ್ಟೆ ತುಂಬುವಂತೆಯೂ ಉಣ್ಣುವ ಈ ನೆಲದ ಜಾಣ್ಮೆಗೆ ಬಸ್ಸಾರಿಗಿಂತ ಒಳ್ಳೆಯ ನಿದರ್ಶನವಿಲ್ಲ. ಬೆಂಗಳೂರು ಗ್ರಾಮಾಂತರ, ರಾಮನಗರ, ಮಂಡ್ಯ, ಕೋಲಾರ ಸೀಮೆಗಳ ಮನೆಮನೆಯ ಅಡುಗೆಯಾದ ಇದು, ಕಾಳು ಸೊಪ್ಪುಗಳನ್ನು ಬೇಯಿಸಿ ಬಸಿದ ನೀರಿನಿಂದ ಮಾಡುವ ಸಾರು. ಹೆಸರುಕಾಳನ್ನೋ ಅಲಸಂದೆಯನ್ನೋ ಹಿಂದಿನ ರಾತ್ರಿ ನೆನೆಹಾಕಿ, ಬೆಳಿಗ್ಗೆ ಧಾರಾಳ ನೀರಿನಲ್ಲಿ ಮುಕ್ಕಾಲು ಬೇಯಿಸಿ, ಆಮೇಲೆ ಹೆಚ್ಚಿದ ದಂಟಿನ ಸೊಪ್ಪನ್ನೋ ಸಬ್ಬಸಿಗೆಯನ್ನೋ ಸೇರಿಸಿ, ಸ್ವಲ್ಪ ಉಪ್ಪು ಹಾಕಿ, ಸೊಪ್ಪು ಮೆತ್ತಗಾದರೂ ಕಾಳು ಒಡೆಯದ ಹದದಲ್ಲಿ ಇಳಿಸಿ ನೀರು ಬಸಿಯಬೇಕು. ಹೀಗೆ ಬಸಿದ ನೀರಿಗೆ ಕಟ್ಟು ಎನ್ನುತ್ತಾರೆ. ಪಾತ್ರೆಯಲ್ಲಿ ಉಳಿದ ಕಾಳುಸೊಪ್ಪಿಗೆ ಸಾಸಿವೆ, ಒಣಮೆಣಸಿನಕಾಯಿ, ಈರುಳ್ಳಿ, ಕರಿಬೇವಿನ ಒಗ್ಗರಣೆ ಕೊಟ್ಟು ಒಂದಿಷ್ಟು ಕಾಯಿತುರಿ ಉದುರಿಸಿದರೆ ಪಲ್ಯ ಸಿದ್ಧ. ಅತ್ತ ಬೆಳ್ಳುಳ್ಳಿ, ಈರುಳ್ಳಿ, ಜೀರಿಗೆ, ಮೆಣಸನ್ನು ಹುರಿದು, ಸಾರಿನ ಪುಡಿ, ಹುಣಸೆಹಣ್ಣು, ತುಸು ಕಾಯಿಯ ಜೊತೆ ರುಬ್ಬಿ, ಕಟ್ಟಿಗೆ ಬೆರೆಸಿ ಕುದಿಸಿದರೆ ಸಾರಾಯಿತು. ರುಬ್ಬುವಾಗ ಬೆಂದ ಕಾಳುಸೊಪ್ಪನ್ನೇ ಒಂದು ಹಿಡಿ ಮಸಾಲೆಗೆ ಸೇರಿಸುವುದು ಇಲ್ಲಿಯ ಮರ್ಮ. ಸಾರಿಗೆ ಬೇಕಾದ ಮಂದ ಅದರಿಂದಲೇ ಬರುವುದರಿಂದ ತೊಗರಿಬೇಳೆಯನ್ನು ಬೇರೆ ಬೇಯಿಸುವ ಅಗತ್ಯ ಬೀಳುವುದಿಲ್ಲ.

ಈ ಕ್ರಮದಲ್ಲಿ ಉಳಿತಾಯ ಹಲವು ಕಡೆ ಒಟ್ಟಿಗೆ ನಡೆಯುತ್ತದೆ. ಒಂದೇ ಪಾತ್ರೆ, ಒಂದೇ ಕುದಿಯಲ್ಲಿ ಸಾರು ಪಲ್ಯಗಳೆರಡೂ ಆಗುವುದರಿಂದ ಗ್ಯಾಸ್ ಉಳಿಯುತ್ತದೆ. ಪೌಷ್ಟಿಕತೆಯ ಲೆಕ್ಕವೂ ಹಾಗೆಯೇ: ಬಿ ಗುಂಪಿನ ಜೀವಸತ್ವಗಳು, ಅದರಲ್ಲೂ ರಕ್ತದ ಉತ್ಪತ್ತಿಗೆ ಬೇಕಾದ ಫೋಲೇಟ್, ಮತ್ತು ಪೊಟ್ಯಾಸಿಯಂನಂಥ ಖನಿಜಗಳು ನೀರಿನಲ್ಲಿ ಕರಗುವ ಸ್ವಭಾವದವು, ತರಕಾರಿ ಬೇಯಿಸಿ ನೀರು ಚೆಲ್ಲುವ ಅಡುಗೆಯಲ್ಲಿ ಇವುಗಳ ಒಂದು ಪಾಲು ಮೋರಿ ಸೇರಿದರೆ, ಬಸ್ಸಾರಿನಲ್ಲಿ ಕಟ್ಟಿನ ಮೂಲಕ ಊಟದ ತಟ್ಟೆಗೇ ಮರಳುತ್ತವೆ. ರುಬ್ಬುವ ಪುರಸೊತ್ತು ಇಲ್ಲದ ದಿನ ಇದೇ ಕಟ್ಟು ಉಪ್ಸಾರು ಆಗುತ್ತದೆ: ಉಪ್ಪು ಹಾಕಿದ ಕಟ್ಟನ್ನು ಹಾಗೆಯೇ ಬಿಸಿಯಾಗಿ ಬಡಿಸಿ, ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಹುಣಸೆಹಣ್ಣು ಕುಟ್ಟಿದ ಖಾರವನ್ನು ತಟ್ಟೆಯ ಅಂಚಿಗೆ ಇಡಲಾಗುತ್ತದೆ, ಉಣ್ಣುವವರು ತಮಗೆ ಬೇಕಾದಷ್ಟು ಕಲಸಿಕೊಳ್ಳುತ್ತಾರೆ. ಮಕ್ಕಳಿಗೆ ಸಪ್ಪೆ, ದೊಡ್ಡವರಿಗೆ ಖಾರ ಎಂದು ಎರಡು ಬಗೆ ಮಾಡುವ ಶ್ರಮವೂ ಇದರಿಂದ ತಪ್ಪುತ್ತದೆ. ಹಬ್ಬದೂಟದ ಹತ್ತು ಬಗೆಗಳನ್ನು ಹೊಗಳುವ ಬರಹಗಳ ನಡುವೆ ಉಪ್ಸಾರಿನಂಥ ಅಡುಗೆಯ ಹಿಂದಿನ ಬುದ್ಧಿವಂತಿಕೆಗೆ ಸಿಗಬೇಕಾದ ಗೌರವ ಸಿಕ್ಕಿಲ್ಲ ಎನ್ನಲು ಸಂಕೋಚಪಡಬೇಕಾಗಿಲ್ಲ.

ಸಾರಿನ ಜೊತೆಗಿನ ಮುದ್ದೆಯ ಲೆಕ್ಕವೂ ಬಿಗಿಯಾಗಿದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶ, ಅಂದರೆ ಕ್ಯಾಲ್ಸಿಯಂ ಇದ್ದು, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ವಯಸ್ಕರಿಗೆ ದಿನಕ್ಕೆ ಸೂಚಿಸಿರುವ 1000 ಮಿಲಿಗ್ರಾಂನಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಅಷ್ಟು ಹಿಟ್ಟಿನ ಒಂದು ದೊಡ್ಡ ಮುದ್ದೆಯಲ್ಲೇ ಸೇರಿರುತ್ತದೆ. ಪಾಲಿಷ್ ಮಾಡಿದ ಅಕ್ಕಿಯಲ್ಲಿ ಇದು ಬಹಳ ಕಡಿಮೆ. ರಾಗಿಯಲ್ಲಿರುವ ಫೈಟೇಟ್ ಎಂಬ ಸಂಯುಕ್ತ ಖನಿಜಗಳನ್ನು ಹಿಡಿದಿಟ್ಟು ದೇಹಕ್ಕೆ ಪೂರ್ತಿ ದಕ್ಕದಂತೆ ಮಾಡುವುದು ನಿಜವಾದರೂ, ಮೊಳಕೆ ಬರಿಸಿದಾಗ ಮತ್ತು ಹುಳಿ ಬರಿಸಿದಾಗ ಅದರ ಪ್ರಮಾಣ ತಗ್ಗುತ್ತದೆ. ಎಳೆಯ ಮಕ್ಕಳಿಗೆ ಮೊಳಕೆ ರಾಗಿಯ ಸರಿ ಮಾಡುವ ರೂಢಿಗೆ ಹೀಗೆ ವಿಜ್ಞಾನದ ಬೆಂಬಲವಿದೆ. ರಾಗಿಯ ಪ್ರೋಟೀನಿನಲ್ಲಿ ಲೈಸೀನ್ ಎಂಬ ಅಮೈನೊ ಆಮ್ಲ ಕಡಿಮೆ, ಕಾಳುಗಳಲ್ಲಿ ಅದು ಹೇರಳ. ಕಾಳುಗಳಲ್ಲಿ ಕೊರತೆಯಿರುವ ಮೆಥಿಯೊನೀನ್ ರಾಗಿಯಲ್ಲಿ ಸಾಕಷ್ಟಿದೆ. ಅಕ್ಕಡಿಯಲ್ಲಿ ಒಟ್ಟಿಗೆ ಬೆಳೆದ ರಾಗಿಯೂ ಅವರೆಯೂ ತಟ್ಟೆಯಲ್ಲಿ ಒಟ್ಟಿಗೆ ಬಂದಾಗ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ.

ರಾಗಿ ಇಂದು ನಗರದಲ್ಲಿ ಮೊದಲಿನಷ್ಟು ಅಗ್ಗವಲ್ಲ ಎಂಬ ದೂರಿನಲ್ಲಿ ಹುರುಳಿದೆ. ಕೇಂದ್ರವು 2024-25ರಲ್ಲಿ ಕ್ವಿಂಟಲ್‌ಗೆ 4,290 ರೂಪಾಯಿ ಇದ್ದ ರಾಗಿಯ ಬೆಂಬಲ ಬೆಲೆಯನ್ನು 2025-26ಕ್ಕೆ 4,886 ರೂಪಾಯಿಗೆ ಏರಿಸಿತು. ಬೆಳೆಗಾರನಿಗೆ ನ್ಯಾಯವಾಗಿ ಸಲ್ಲಬೇಕಾದ ಈ ಏರಿಕೆಯ ಒಂದಂಶ ಹಿಟ್ಟಿನ ಬೆಲೆಯಲ್ಲೂ ಕಾಣುವುದು ಸಹಜ. ಆದರೆ ಧಾನ್ಯವನ್ನೇ ಕೊಂಡು, ಹಸನು ಮಾಡಿ, ಬೀದಿಯ ಹಿಟ್ಟಿನ ಗಿರಣಿಯಲ್ಲಿ ಬೀಸಿಸಿದರೆ ಪೊಟ್ಟಣದ ಹಿಟ್ಟಿಗಿಂತ ಖರ್ಚು ಕಡಿಮೆಯಾಗುತ್ತದೆ, ಹಿಟ್ಟಿನ ಘಮವೂ ಬೇರೆಯೇ ಇರುತ್ತದೆ. ಬೇಳೆಯ ವಿಷಯದಲ್ಲಿ ಸುಲಭವಾದ ದಾರಿಯೆಂದರೆ ವಾರದ ಏಳು ದಿನವೂ ತೊಗರಿಬೇಳೆಗೆ ಜೋತು ಬೀಳದಿರುವುದು: ಸಾಮಾನ್ಯವಾಗಿ ತೊಗರಿಬೇಳೆಗಿಂತ ಕಡಿಮೆ ಬೆಲೆಗೆ ಸಿಗುವ ಹುರುಳಿಯಲ್ಲಿ ಪ್ರೋಟೀನಿನ ಪ್ರಮಾಣ ತೊಗರಿಯಷ್ಟೇ, ಅಂದರೆ ಶೇ. 22ರ ಆಸುಪಾಸಿನಲ್ಲಿದೆ, ಮತ್ತು ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿದರೆ ಬೇಗ ಬೇಯುತ್ತದೆ, ಸುಲಭವಾಗಿ ಜೀರ್ಣವೂ ಆಗುತ್ತದೆ. ಚಳಿಗಾಲದ ಕೆಲವು ತಿಂಗಳು ಮಾಗಡಿ ಕಡೆಯಿಂದ ಹಸಿ ಅವರೆಕಾಯಿ ರಾಶಿರಾಶಿಯಾಗಿ ನಗರಕ್ಕೆ ಬರುವಾಗ ಅದನ್ನೇ ತಿನ್ನುವುದು, ಆವಕ ಕಡಿಮೆಯಾಗುತ್ತಿದ್ದಂತೆ ಒಣಕಾಳಿಗೆ ಮರಳುವುದು ಹಳೆಯ ಪದ್ಧತಿ; ಬೆಲೆಯ ಏರಿಳಿತಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ಈಗಲೂ ಇಲ್ಲ.

ಬಡ ಸಂಸಾರದ ಧಾನ್ಯದ ಲೆಕ್ಕವನ್ನು 2013ರ ಜುಲೈನಲ್ಲಿ ಜಾರಿಗೆ ಬಂದ ಅನ್ನಭಾಗ್ಯ ಯೋಜನೆ ಬಹಳಮಟ್ಟಿಗೆ ಬದಲಿಸಿತು. ಕಿಲೋಗೆ ಒಂದು ರೂಪಾಯಿಯಂತೆ ಆರಂಭವಾಗಿ ಮುಂದೆ ಪೂರ್ತಿ ಉಚಿತವಾದ ಈ ಯೋಜನೆಯ ಅಕ್ಕಿ ಹಸಿವನ್ನು ದೂರವಿಟ್ಟಿರುವುದು ಸಣ್ಣ ಸಾಧನೆಯಲ್ಲ. ಆದರೆ ಚೀಲದಲ್ಲಿ ಅಕ್ಕಿ ಇದೆ ಎಂಬ ಕಾರಣಕ್ಕೆ ಮೂರು ಹೊತ್ತೂ ಅನ್ನವೇ ಆಗಿ, ಕಾಳು ಸೊಪ್ಪುಗಳು ಹಿಂದೆ ಸರಿದರೆ, ಸರ್ಕಾರ ಉಳಿಸಿಕೊಟ್ಟ ಹಣದ ಪೂರ್ಣ ಪ್ರಯೋಜನ ಸಿಗಲಿಲ್ಲವೆಂದೇ ಅರ್ಥ. ಧಾನ್ಯದಲ್ಲಿ ಉಳಿದದ್ದು ಕಾಳಿಗೆ, ಮೊಟ್ಟೆಗೆ, ಸೊಪ್ಪಿಗೆ ಹೋಗಬೇಕು. ಗೊಟ್ಟಿಗೆರೆಯಂಥ ಬೆಳೆಯುತ್ತಿರುವ ಹೊರವಲಯಗಳಲ್ಲಿ ಕಟ್ಟಡದ ಕೆಲಸಕ್ಕೆ ಬಂದು ಶೆಡ್ಡುಗಳಲ್ಲಿ ನೆಲೆಸುವ ರಾಯಚೂರು, ಯಾದಗಿರಿ, ಕಲಬುರಗಿ ಸೀಮೆಯ ಕುಟುಂಬಗಳು ಇದೇ ಮಾತನ್ನು ಇನ್ನೊಂದು ಬಗೆಯಲ್ಲಿ ಸಾಧಿಸಿಕೊಂಡಿವೆ. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಒಂದು ಈರುಳ್ಳಿ ಎಂಬ ಅವರ ಊಟದಲ್ಲೂ ಧಾನ್ಯ, ಸೊಪ್ಪು, ಎಣ್ಣೆಕಾಳುಗಳ ಅದೇ ಕೂಟವಿದೆ, ಮತ್ತು ರೊಟ್ಟಿ ಕಟ್ಟಿಕೊಂಡು ಹೋದರೆ ಮಧ್ಯಾಹ್ನ ಒಲೆ ಹಚ್ಚುವ ಪ್ರಮೇಯವೇ ಇಲ್ಲ. ಒಲೆಯೇ ಇಲ್ಲದವರಿಗೆ 2017ರ ಆಗಸ್ಟ್‌ನಲ್ಲಿ ಜಯನಗರದಲ್ಲಿ ಉದ್ಘಾಟನೆಗೊಂಡ ಇಂದಿರಾ ಕ್ಯಾಂಟೀನ್ ಐದು ರೂಪಾಯಿಗೆ ತಿಂಡಿ, ಹತ್ತು ರೂಪಾಯಿಗೆ ಊಟ ಒದಗಿಸಿ ದೊಡ್ಡ ಆಸರೆಯಾಯಿತು.

ಮಿತವ್ಯಯದ ಅಡುಗೆಯ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಬಿಟ್ಟುಬಿಡುವ ಒಂದು ವೆಚ್ಚವಿದೆ, ಅದು ಹೊತ್ತು. ಸೊಪ್ಪು ಸೋಸುವುದು, ಅವರೆಕಾಯಿ ಬಿಡಿಸುವುದು, ಖಾರ ರುಬ್ಬುವುದು ಇವೆಲ್ಲ ರೂಪಾಯಿಯಲ್ಲಿ ಅಗ್ಗವಾದರೂ ಗಂಟೆಗಳಲ್ಲಿ ದುಬಾರಿ, ಮತ್ತು ಆ ಗಂಟೆಗಳು ಬಹುತೇಕ ಹೆಂಗಸರವೇ. ಬೆಳಗಿನ ಪಾಳಿಗೆ ಗಾರ್ಮೆಂಟ್ಸ್‌ಗೆ ಹೊರಡುವ ಹೆಣ್ಣುಮಗಳು ಹಿಂದಿನ ದಿನದ ಅನ್ನಕ್ಕೆ ಒಗ್ಗರಣೆ ಹಾಕಿ ಚಿತ್ರಾನ್ನ ಡಬ್ಬಿ ಕಟ್ಟಿಕೊಂಡರೆ ಅದು ಸೋಮಾರಿತನವಲ್ಲ, ಅವಳಿಗೆ ಸಿಕ್ಕ ಅರ್ಧ ಗಂಟೆಯ ಲೆಕ್ಕ. ಮನೆಯ ಎಲ್ಲರೂ ಕೈ ಸೇರಿಸದೆ ‘ಹಳೆಯ ಆರೋಗ್ಯಕರ ಅಡುಗೆಗೆ ಮರಳಿ’ ಎಂದು ಉಪದೇಶಿಸುವುದು ಅನ್ಯಾಯ. ಕೆಲಸವನ್ನು ಹಂಚಿಕೊಂಡಲ್ಲಿ ದಾರಿ ಸುಲಭವಾಗುತ್ತದೆ: ರಾತ್ರಿ ಟಿವಿಯ ಮುಂದೆ ಕೂತವರು ಸೊಪ್ಪು ಸೋಸಿ ಕಾಗದದಲ್ಲಿ ಸುತ್ತಿಡಬಹುದು, ಉಪ್ಸಾರಿನ ಖಾರವನ್ನು ನೀರು ಸೋಕಿಸದೆ ರುಬ್ಬಿ ಫ್ರಿಜ್ಜಿನಲ್ಲಿಟ್ಟರೆ ಕೆಲವು ದಿನ ಬರುತ್ತದೆ, ಕಾಳನ್ನು ಮಾತ್ರ ಕುಕ್ಕರಿನಲ್ಲಿ ಕೂಗಿಸಿ, ಒತ್ತಡ ಇಳಿದ ಮೇಲೆ ಮುಚ್ಚಳ ತೆಗೆದು ಸೊಪ್ಪು ಹಾಕಿದರೆ ಸೊಪ್ಪು ಕರಗಿ ಹೋಗದೆ ಬಸ್ಸಾರಿನ ಹದ ಉಳಿಯುತ್ತದೆ. ಕುಕ್ಕರಿನೊಳಗೆ ನೀರು ಸುಮಾರು 120 ಡಿಗ್ರಿ ಸೆಲ್ಸಿಯಸ್ ವರೆಗೂ ಕಾಯುವುದರಿಂದ ನೆನೆದ ಕಾಳು ಬೇಯಲು ತೆರೆದ ಪಾತ್ರೆಗೆ ಬೇಕಾದ ಹೊತ್ತಿನ ಒಂದು ಭಾಗ ಸಾಕು.

ಸೊಪ್ಪಿನ ವಿಷಯದಲ್ಲಿ ಮಾತ್ರ ಹಳೆಯ ರೂಢಿಯನ್ನು ಹಾಗೆಯೇ ಅನುಸರಿಸುವಂತಿಲ್ಲ. ಹೊನಗೊನೆ, ಅಣ್ಣೆ, ಗೋಣಿ, ಕಿರಕಸಾಲೆಗಳನ್ನು ಬದುವಿನಿಂದಲೂ ಕೆರೆಯಂಗಳದಿಂದಲೂ ಕಿತ್ತು ತರುತ್ತಿದ್ದ ಕಾಲದಲ್ಲಿ ಕೆರೆಗೆ ಮಳೆನೀರು ಬರುತ್ತಿತ್ತು. ನಗರದ ಇತರ ಕೆರೆಗಳಂತೆ ಗೊಟ್ಟಿಗೆರೆ ಕೆರೆಯೂ ಕೊಳಚೆ ನೀರಿನ ಸಮಸ್ಯೆಗೆ ತುತ್ತಾದ ಮೇಲೆ ಅದರ ಅಂಚಿನ ಸೊಪ್ಪು ಪುಕ್ಕಟೆಯಾದರೂ ನಂಬಿಕೆಗೆ ಅರ್ಹವಲ್ಲ. ಕೊಳಚೆಯಲ್ಲಿ ಬೆಳೆದ ಸೊಪ್ಪಿಗೆ ಸೇರುವ ಸೀಸದಂಥ ಭಾರಲೋಹಗಳು ತೊಳೆದರೂ ಪೂರ್ತಿ ಹೋಗುವುದಿಲ್ಲ, ಕುದಿಸಿದರೂ ನಾಶವಾಗುವುದಿಲ್ಲ. ಆದ್ದರಿಂದ ಎಲ್ಲಿ ಬೆಳೆದದ್ದೆಂದು ಹೇಳಬಲ್ಲ ಮಾರಾಟಗಾರರಿಂದ ಕೊಳ್ಳುವುದು ಅಗತ್ಯ. ಜಿಗಣಿ, ಆನೇಕಲ್ ಕಡೆಯ ರೈತರು ತರುವ ಸೊಪ್ಪು ಇದಕ್ಕೆ ಒಂದು ದಾರಿಯಾದರೆ, ತೋಟಗಾರಿಕೆ ತಜ್ಞ ಎಂ. ಎಚ್. ಮರಿಗೌಡರ ಮುತುವರ್ಜಿಯಿಂದ 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಹುಟ್ಟಿ ಮುಂದೆ ಹಾಪ್‌ಕಾಮ್ಸ್ ಎಂದು ಹೆಸರಾದ ಸಂಸ್ಥೆಯ ಮಳಿಗೆಗಳು ಇನ್ನೊಂದು ದಾರಿ. ನುಗ್ಗೆ ಸೊಪ್ಪು, ಕರಿಬೇವು, ದೊಡ್ಡಪತ್ರೆಗಳಿಗೆ ಮನೆಯ ಮುಂದಿನ ಒಂದು ಗಜ ಜಾಗ ಅಥವಾ ತಾರಸಿಯ ಒಂದು ಡ್ರಮ್ಮು ಸಾಕು.

ಉಳಿದ ಅಡುಗೆಯ ಲೆಕ್ಕವೂ ಇದೇ ಕ್ರಮದ ಮುಂದುವರಿಕೆ. ರಾತ್ರಿ ಮಿಕ್ಕ ಮುದ್ದೆಯನ್ನು ನೀರಿನಲ್ಲಿ ಮುಳುಗಿಸಿಟ್ಟು ಬೆಳಿಗ್ಗೆ ಕಿವುಚಿ, ಮಜ್ಜಿಗೆ, ಉಪ್ಪು, ಹೆಚ್ಚಿದ ಈರುಳ್ಳಿ ಬೆರೆಸಿದರೆ ಬೇಸಿಗೆಯ ಬೆಳಗಿಗೆ ಅಂಬಲಿಯಾಗುತ್ತದೆ. ಮಿಕ್ಕ ಅನ್ನ ಮರುದಿನ ಮುದ್ದೆಯ ಎಸರಿಗೆ ಸೇರಿ ಅಗುಳಾಗಿ ಬೆರೆಯುತ್ತದೆ, ಮುದ್ದೆಯೂ ಮೃದುವಾಗುತ್ತದೆ. ಅನ್ನವನ್ನು ಹೀಗೆ ಬಳಸುವವರು ಊಟ ಮುಗಿದ ಕೂಡಲೇ ಅದನ್ನು ಆರಿಸಿ ಫ್ರಿಜ್ಜಿನಲ್ಲಿಡಬೇಕು, ಏಕೆಂದರೆ ಬೆಚ್ಚಗಿನ ಅನ್ನದಲ್ಲಿ ಬೇಗ ಬೆಳೆಯುವ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಾಣು ಬಿಡುವ ಒಂದು ವಿಷ ಮತ್ತೆ ಕಾಯಿಸಿದರೂ ಹೋಗುವುದಿಲ್ಲ. ಬಸ್ಸಾರನ್ನೂ ಆರಿಸಿ, ಮುಚ್ಚಿ ಫ್ರಿಜ್ಜಿನಲ್ಲಿಟ್ಟು, ಮರುದಿನ ಚೆನ್ನಾಗಿ ಕುದಿಸಿಯೇ ಬಡಿಸಬೇಕು. ಹುಣಸೆಯೂ ಬೆಳ್ಳುಳ್ಳಿಯೂ ಕಟ್ಟಿನೊಳಗೆ ಇಳಿದು, ಮೊದಲ ದಿನಕ್ಕಿಂತ ಎರಡನೆಯ ದಿನವೇ ಅದರ ರುಚಿ ಹೆಚ್ಚು ಎನ್ನುವವರು ಈ ಸೀಮೆಯಲ್ಲಿ ಬಹಳ ಮಂದಿ.