ದೂರದಿಂದ ತರಿಸಿದ ಬಿಡಿಭಾಗ: ಜೋಡಿಸುವ ಮುನ್ನ ರೈತರು ತಿಳಿಯಬೇಕಾದ ಹಕ್ಕುಗಳು

ಮುಂಗಾರಿನಲ್ಲಿ ಟ್ರ್ಯಾಕ್ಟರು ನಾಲ್ಕು ದಿನ ನಿಂತರೆ ಬಿತ್ತನೆಯ ಹದ ತಪ್ಪುತ್ತದೆ. ಹಳೆಯ ಮಾದರಿಯ ಟ್ರ್ಯಾಕ್ಟರು, ಪವರ್ ಟಿಲ್ಲರು ಅಥವಾ ಜೀಪಿಗೆ ಬೇಕಾದ ಬಿಡಿಭಾಗ ಹತ್ತಿರದ ಪಟ್ಟಣದಲ್ಲಿ ಸಿಗದಿದ್ದಾಗ, ದೂರದ ವ್ಯಾಪಾರಿಗೆ ಫೋನು ಮಾಡಿಯೋ ಅಂತರ್ಜಾಲದ ಮಾರಾಟ ತಾಣದ ಮೂಲಕವೋ ತರಿಸಿಕೊಳ್ಳುವುದು ಈಗ ರೂಢಿಯಾಗಿದೆ. ಹಣ ಸಾಮಾನ್ಯವಾಗಿ ಮೊದಲೇ ಸಂದಾಯವಾಗಿರುತ್ತದೆ. ಪೆಟ್ಟಿಗೆ ಕೈಸೇರಿದಾಗ ಅದರ ಒಂದು ಮೂಲೆ ಜಜ್ಜಿದೆ ಎಂದಿಟ್ಟುಕೊಳ್ಳೋಣ. ಒಳಗಿನ ಸಿಲಿಂಡರ್ ಹೆಡ್ ನೋಡಲು ಚೆನ್ನಾಗಿಯೇ ಇದೆ. ಆದರೆ ಪೆಟ್ಟು ಬಿದ್ದಿದೆಯೋ ಇಲ್ಲವೋ ಖಚಿತವಿಲ್ಲ. ಹೊರಗೆ ಮಳೆ ಬಿದ್ದಿದೆ, ಮೆಕ್ಯಾನಿಕ್ ಕಾದು ಕುಳಿತಿದ್ದಾನೆ. ಇಂತಹ ಸಮಯದಲ್ಲಿ ‘ಹಾಕಿ ನೋಡೋಣ’ ಎಂದು ಅನೇಕರು ಜೋಡಿಸಿಯೇಬಿಡುತ್ತಾರೆ. ಕೈಯಲ್ಲಿದ್ದ ಹಕ್ಕಿನ ಬಹುಪಾಲು ಸಡಿಲಗೊಳ್ಳುವುದು ಆ ಗಳಿಗೆಯಲ್ಲೇ.

ಪಡೆಯುವುದು ಬೇರೆ, ಒಪ್ಪಿಕೊಳ್ಳುವುದು ಬೇರೆ

1930ರ ಸರಕು ಮಾರಾಟ ಕಾಯಿದೆ ಇಂದಿಗೂ ಜಾರಿಯಲ್ಲಿದೆ. ಅದರ 41ನೆಯ ಕಲಮಿನ ಪ್ರಕಾರ, ಕೊಳ್ಳುವವನು ಮೊದಲೇ ನೋಡಿರದ ಸರಕನ್ನು ಪರೀಕ್ಷಿಸಲು ಆತನಿಗೆ ಸಾಕಷ್ಟು ಅವಕಾಶ ದೊರೆಯುವವರೆಗೂ ಸರಕನ್ನು ಆತ ಒಪ್ಪಿಕೊಂಡಂತೆ ಆಗುವುದಿಲ್ಲ. ಕೊರಿಯರ್ ಹುಡುಗನ ಕೈಯಿಂದ ಪೆಟ್ಟಿಗೆ ಪಡೆದು ಸಹಿ ಹಾಕಿದ ಮಾತ್ರಕ್ಕೆ ವ್ಯಾಪಾರ ಮುಗಿಯಿತೆಂದು ರೈತರು ಭಾವಿಸಬೇಕಾಗಿಲ್ಲ.

ಆದರೆ 42ನೆಯ ಕಲಮನ್ನೂ ಜೊತೆಗೇ ಗಮನಿಸಬೇಕು. ತಕ್ಕಷ್ಟು ಸಮಯ ಕಳೆದರೂ ‘ಈ ಸರಕು ಬೇಡ’ ಎಂದು ತಿಳಿಸದೆ ಇಟ್ಟುಕೊಂಡರೆ, ಅಥವಾ ಸರಕನ್ನು ತನ್ನದೇ ಎಂಬಂತೆ ಬಳಸಿದರೆ, ಒಪ್ಪಿಕೊಂಡಂತೆಯೇ ಲೆಕ್ಕ. ಇಂಜಿನ್ನಿಗೆ ಬೋಲ್ಟು ಬಿಗಿದು ಓಡಿಸುವುದು ಇಂತಹ ಬಳಕೆಯೇ. ಅನಂತರವೂ ನಷ್ಟಪರಿಹಾರ ಕೇಳಬಹುದು. ಆದರೆ ಸರಕನ್ನೇ ತಿರಸ್ಕರಿಸಿ ಪೂರ್ತಿ ಹಣ ವಾಪಸು ಕೇಳುವ ಬಲ ಕುಗ್ಗುತ್ತದೆ. ಅದಕ್ಕಿಂತ ಹೆಚ್ಚಾಗಿ, ‘ಬಿರುಕು ನಿಮ್ಮ ಮೆಕ್ಯಾನಿಕ್ ಬಿಗಿಯುವಾಗ ಬಿಟ್ಟದ್ದು’ ಎಂದು ವ್ಯಾಪಾರಿ ಹೇಳಿದರೆ ಅದನ್ನು ಅಲ್ಲಗಳೆಯಲು ರೈತನ ಬಳಿ ಏನೂ ಉಳಿದಿರುವುದಿಲ್ಲ.

ಪೆಟ್ಟಿಗೆ ಬಂದಾಗ

ಲಾರಿ ಆಫೀಸಿನ ರಸೀದಿಯಲ್ಲಿ ‘ಮಾಲು ಸುಸ್ಥಿತಿಯಲ್ಲಿ ತಲುಪಿದೆ’ ಎಂದು ಮೊದಲೇ ಅಚ್ಚಾಗಿರುವುದುಂಟು. ಓದದೆ ಸಹಿ ಮಾಡಬಾರದು. ಪೆಟ್ಟಿಗೆ ಜಜ್ಜಿದ್ದರೆ, ನೆನೆದಿದ್ದರೆ ಅಥವಾ ಪಟ್ಟಿ ಹರಿದಿದ್ದರೆ, ಸಹಿಯ ಪಕ್ಕದಲ್ಲೇ ‘ಪೆಟ್ಟಿಗೆ ಜಜ್ಜಿದೆ, ಒಳಗಿನ ಮಾಲು ಪರೀಕ್ಷಿಸಿಲ್ಲ’ ಎಂದು ಕನ್ನಡದಲ್ಲೇ ಬರೆದರೆ ಸಾಕು. ಪೆಟ್ಟಿಗೆ ತೆರೆದು ತೋರಿಸಿ ಕೊಡುವ ಏರ್ಪಾಡಿದ್ದರೆ ಮಾಲು ನೋಡಿದ ಮೇಲೆಯೇ ಓಟಿಪಿ ಹೇಳಬೇಕು. ಬಿಚ್ಚುವ ಮೊದಲು ಆರೂ ಮಗ್ಗುಲುಗಳ ಫೋಟೋ, ವಿಳಾಸದ ಚೀಟಿಯ ಫೋಟೋ, ಬಿಚ್ಚುವಾಗ ತಡೆಯಿಲ್ಲದ ಒಂದು ವೀಡಿಯೋ ತೆಗೆದಿಡಬೇಕು. ಮನೆಯ ಶಾಲಾ ಮಕ್ಕಳೇ ಈ ಕೆಲಸ ಮಾಡಬಲ್ಲರು. ಪೆಟ್ಟಿಗೆ, ಒಳಗಿನ ಹುಲ್ಲು, ಥರ್ಮೋಕೋಲ್ ಒಲೆಗೆ ಹಾಕಬಾರದು. ಪ್ಯಾಕಿಂಗ್ ಸಾಲದಾಗಿತ್ತು ಎಂಬುದಕ್ಕೆ ಅವೇ ಸಾಕ್ಷಿ.

ಅನುಮಾನವಿದ್ದರೆ ಪರೀಕ್ಷೆ ಹೇಗೆ?

ಬೀಡುಕಬ್ಬಿಣದ ಭಾಗಗಳಲ್ಲಿ ಕೂದಲೆಳೆಯಷ್ಟು ಬಿರುಕು ಕಣ್ಣಿಗೆ ಕಾಣುವುದಿಲ್ಲ. ಇದಕ್ಕೆ ವರ್ಕ್‌ಶಾಪುಗಳ ಹಳೆಯ ಉಪಾಯವೊಂದಿದೆ. ಮೊದಲು ಭಾಗದ ಫೋಟೋ ತೆಗೆದು, ಅನುಮಾನವಿದ್ದ ಜಾಗಕ್ಕೆ ಸೀಮೆಎಣ್ಣೆ ಹಚ್ಚಿ ಸ್ವಲ್ಪ ಹೊತ್ತು ಬಿಡಬೇಕು. ಸೀಮೆಎಣ್ಣೆ ಸಿಗುವುದು ಈಗ ಕಷ್ಟ, ಡೀಸೆಲ್ ಆದರೂ ನಡೆಯುತ್ತದೆ. ಅನಂತರ ಒಣಬಟ್ಟೆಯಿಂದ ಚೆನ್ನಾಗಿ ಒರೆಸಿ ಸೀಮೆಸುಣ್ಣದ ಪುಡಿ ಉದುರಿಸಬೇಕು. ಬಿರುಕಿದ್ದರೆ ಅದರೊಳಗೆ ಸೇರಿದ ಎಣ್ಣೆ ಮೇಲೆ ಜಿನುಗಿ, ಬಿಳಿಯ ಪುಡಿಯ ಮೇಲೆ ಕಪ್ಪು ಗೆರೆ ಮೂಡುತ್ತದೆ. ಭಾಗವನ್ನು ಹಗ್ಗದಲ್ಲಿ ತೂಗುಹಾಕಿ ಮರದ ಕೊಡತಿಯಿಂದ ಹಗುರವಾಗಿ ತಟ್ಟುವುದು ಇನ್ನೊಂದು ವಿಧಾನ. ಒಳ್ಳೆಯ ಎರಕ ಗಂಟೆಯಂತೆ ನಾದ ಕೊಡುತ್ತದೆ, ಬಿರುಕು ಬಿಟ್ಟದ್ದು ಒಡಕು ಮಡಕೆಯಂತೆ ಮೊಂಡು ಸದ್ದು ಮಾಡುತ್ತದೆ. ಇವೆರಡರಲ್ಲೂ ಏನೂ ಕಾಣಲಿಲ್ಲವೆಂದ ಮಾತ್ರಕ್ಕೆ ಭಾಗ ಸರಿಯಿದೆ ಎಂದು ಹೇಳಲಾಗದು. ಸಿಲಿಂಡರ್ ಹೆಡ್ಡಾದರೆ ನೀರಿನ ಒತ್ತಡದ ಪರೀಕ್ಷೆ ಮಾಡುವ ಇಂಜಿನ್ ವರ್ಕ್‌ಶಾಪಿಗೆ ಒಯ್ಯುವುದು ಲೇಸು. ಬೇರಿಂಗನ್ನು ಕೈಯಲ್ಲಿ ನಿಧಾನವಾಗಿ ತಿರುಗಿಸಿದಾಗ ಎಲ್ಲಾದರೂ ತಡೆದಂತಾದರೆ ಅನುಮಾನಿಸಬೇಕು. ಇಂಜೆಕ್ಟರ್ ನಾಜಲ್, ಪಂಪಿನ ಭಾಗಗಳ ಸೀಲನ್ನು ಮಾತ್ರ ಮನೆಯಲ್ಲಿ ಒಡೆಯಬಾರದು.

ಯಾರು ಪರೀಕ್ಷಿಸಿದರೂ ಅವರಿಂದ ದಿನಾಂಕ, ಸಹಿ ಇರುವ ಒಂದು ಚೀಟಿ ಬರೆಸಿಕೊಳ್ಳುವುದು ಮುಖ್ಯ.

ವ್ಯಾಪಾರಿಗೆ ತಿಳಿಸುವುದು

ಫೋನಿನಲ್ಲಿ ಜಗಳವಾಡಿ ಸುಮ್ಮನಾದರೆ ಪ್ರಯೋಜನವಿಲ್ಲ. ಅದೇ ದಿನ ಅಥವಾ ಮರುದಿನ ಬರಹದಲ್ಲಿ ತಿಳಿಸಬೇಕು. ವಾಟ್ಸಾಪ್, ಇಮೇಲ್ ಸಾಕು. ಜೊತೆಗೆ ಒಂದು ಸ್ಪೀಡ್ ಪೋಸ್ಟ್ ಕಾಗದವೂ ಹೋದರೆ ಇನ್ನೂ ಭದ್ರ. ಬಿಲ್ಲಿನ ಸಂಖ್ಯೆ, ಮಾಲು ತಲುಪಿದ ದಿನ, ಕಂಡ ದೋಷ, ‘ಭಾಗವನ್ನು ಜೋಡಿಸಿಲ್ಲ, ತಿರಸ್ಕರಿಸಿದ್ದೇನೆ’ ಎಂಬ ಮಾತು, ಬೇಕಾದದ್ದು ಬೇರೆ ಭಾಗವೋ ಹಣವೋ, ಇಷ್ಟಿದ್ದರೆ ಸಾಕು. ಬೇರೆ ಕರಾರು ಇಲ್ಲದಿದ್ದರೆ ತಿರಸ್ಕರಿಸಿದ ಸರಕನ್ನು ತನ್ನ ಖರ್ಚಿನಲ್ಲಿ ವಾಪಸು ಕಳುಹಿಸುವ ಹೊಣೆ ಕೊಂಡವನದಲ್ಲ, ತಿಳಿಸಿದರೆ ಸಾಕು ಎಂದು ಅದೇ 1930ರ ಕಾಯಿದೆಯ 43ನೆಯ ಕಲಮು ಹೇಳುತ್ತದೆ.

‘ಮಾರಿದ ಮಾಲನ್ನು ವಾಪಸು ಪಡೆಯುವುದಿಲ್ಲ’ ಎಂದು ಬಿಲ್ಲಿನಲ್ಲಿ ಅಚ್ಚಾಗಿದ್ದರೆ ಅಂಜಬೇಕಾಗಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ದೋಷವಿರುವ ಸರಕನ್ನು ವಾಪಸು ಪಡೆದು, ಬಿಲ್ಲಿನಲ್ಲಿ ಹೇಳಿದ ಅವಧಿಯಲ್ಲಿ, ಅವಧಿ ಹೇಳದಿದ್ದರೆ 30 ದಿನಗಳಲ್ಲಿ, ಹಣ ಹಿಂದಿರುಗಿಸಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿ. ಅಂತರ್ಜಾಲದ ಮಾರಾಟಕ್ಕೆ 2020ರ ಇ-ವಾಣಿಜ್ಯ ನಿಯಮಗಳೂ ಅನ್ವಯಿಸುತ್ತವೆ. ಮಾರಾಟ ತಾಣದ ಕುಂದುಕೊರತೆ ಅಧಿಕಾರಿ ದೂರಿಗೆ 48 ಗಂಟೆಗಳೊಳಗೆ ಸ್ವೀಕೃತಿ ನೀಡಿ ಒಂದು ತಿಂಗಳೊಳಗೆ ಪರಿಹರಿಸಬೇಕು. ಆದರೆ ರೈತರೇ ತಪ್ಪು ಮಾದರಿ ಸಂಖ್ಯೆ ಕೊಟ್ಟು ತರಿಸಿದ ಭಾಗಕ್ಕೆ ಈ ರಕ್ಷಣೆ ಇಲ್ಲ. ಆರ್ಡರ್ ಕೊಡುವಾಗ ಹಳೆಯ ಭಾಗದ ಮೇಲಿನ ಸಂಖ್ಯೆಯನ್ನು ಫೋಟೋ ತೆಗೆದು ಕಳುಹಿಸಿದರೆ ಆ ತಕರಾರೇ ಏಳುವುದಿಲ್ಲ.

ಲಾರಿ ಸಾಗಣೆದಾರನ ಮೇಲೆ ದಾವೆ ಹೂಡುವ ಯೋಚನೆಯಿದ್ದರೆ, 2007ರ ರಸ್ತೆ ಸಾಗಣೆ ಕಾಯಿದೆಯಂತೆ ಮಾಲು ಬುಕ್ ಮಾಡಿದ ದಿನದಿಂದ 180 ದಿನಗಳೊಳಗೆ ಲಿಖಿತ ನೋಟೀಸು ತಲುಪಿಸಿರಬೇಕು. ಮಾಲು ಪಡೆದ ದಿನದಿಂದ ಎಣಿಸಿ ಮೋಸಹೋಗಬಾರದು.

ಪರಿಹಾರ ಸಿಗದಿದ್ದರೆ

ಮೊದಲು 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಡಬಹುದು. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗವಿದೆ. ವ್ಯಾಪಾರಿ ಲುಧಿಯಾನಾದಲ್ಲಿರಲಿ ರಾಜಕೋಟೆಯಲ್ಲಿರಲಿ, ರೈತ ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಸಲ್ಲಿಸಬಹುದು. 1986ರ ಹಳೆಯ ಕಾಯಿದೆಯಲ್ಲಿ ಈ ಅನುಕೂಲವಿರಲಿಲ್ಲ. ಕೊಟ್ಟ ಬೆಲೆ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ, ವಕೀಲರನ್ನು ಇಡಲೇಬೇಕೆಂಬ ನಿಯಮವೂ ಇಲ್ಲ. ತಕರಾರು ಹುಟ್ಟಿದ ಎರಡು ವರ್ಷಗಳೊಳಗೆ ದೂರು ಸಲ್ಲಿಸಬೇಕು.

‘ಟ್ರ್ಯಾಕ್ಟರು ವ್ಯಾಪಾರಕ್ಕೆ ಬಳಸುವಂಥದ್ದು, ನೀವು ಗ್ರಾಹಕರೇ ಅಲ್ಲ’ ಎಂಬ ಆಕ್ಷೇಪ ಬರಬಹುದು. ಸ್ವಂತ ದುಡಿಮೆಯಿಂದ ಜೀವನೋಪಾಯಕ್ಕಾಗಿ ಬಳಸುವ ಸರಕನ್ನು ಕಾಯಿದೆ ವಾಣಿಜ್ಯ ಉದ್ದೇಶದಿಂದ ಹೊರಗಿಟ್ಟಿದೆ. ಬಿತ್ತನೆ ಬೀಜ ಕೊಂಡ ರೈತರು ಗ್ರಾಹಕರೇ ಎಂದು ಸರ್ವೋಚ್ಚ ನ್ಯಾಯಾಲಯ 2012ರಲ್ಲಿ ಹೇಳಿದೆ. ಹಲವು ಟ್ರ್ಯಾಕ್ಟರುಗಳನ್ನು ಚಾಲಕರನ್ನಿಟ್ಟು ಬಾಡಿಗೆಗೆ ಓಡಿಸುವವರಿಗೆ ಮಾತ್ರ ಈ ವಾದ ಕಷ್ಟವಾದೀತು.

ಬೆಲೆಯ ಜೊತೆಗೆ ಆದ ನಷ್ಟವನ್ನೂ ಕೇಳಬಹುದು. ಆದರೆ ‘ಹದ ತಪ್ಪಿತು’ ಎಂಬ ಬಾಯಿಮಾತು ಸಾಲದು. ಬಾಡಿಗೆ ಟ್ರ್ಯಾಕ್ಟರಿನಿಂದ ಉಳುಮೆ ಮಾಡಿಸಿದ್ದರೆ ಅದರ ರಸೀದಿ, ಮೆಕ್ಯಾನಿಕ್ಕಿಗೆ ಕೊಟ್ಟ ಹಣದ ಚೀಟಿ ಬೇಕಾಗುತ್ತದೆ. ದೋಷ ಕಣ್ಣಿಗೆ ಕಾಣದಂಥದ್ದಾದರೆ ಆಯೋಗ ಭಾಗವನ್ನು ಪ್ರಯೋಗಾಲಯಕ್ಕೆ ಕಳುಹಿಸಬಹುದು. ಅದರ ಶುಲ್ಕವನ್ನು ಮೊದಲು ದೂರುದಾರನೇ ಕಟ್ಟಬೇಕು. ಅಲ್ಲಿಯವರೆಗೆ ಆ ಭಾಗವನ್ನು ಉಜ್ಜದೆ, ವೆಲ್ಡಿಂಗ್ ಮಾಡಿಸದೆ, ಬಂದ ಪೆಟ್ಟಿಗೆಯಲ್ಲೇ ಒಣಜಾಗದಲ್ಲಿ ಇಟ್ಟಿರಬೇಕು.