ಮೊಬೈಲು ನೋಡುವ ಮಕ್ಕಳ ಕಣ್ಣು ಒಣಗುವುದೇಕೆ?



ನಿಮ್ಮ ಮನೆಯಲ್ಲಿ ಹೈಸ್ಕೂಲಿಗೆ ಹೋಗುವ ಮಗನೋ ಮಗಳೋ ಸಂಜೆಯಾದೊಡನೆ ಕಣ್ಣುಜ್ಜಿಕೊಳ್ಳುವುದನ್ನು, "ಕಣ್ಣಿಗೆ ಮರಳು ಬಿದ್ದಂತಾಗುತ್ತದೆ" ಎನ್ನುವುದನ್ನು ನೀವು ಕಂಡಿರಬಹುದು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ನಮ್ಮ ಸೀಮೆ ಗಾಳಿ ಧೂಳಿನ ಸೀಮೆ. ಮೆಕ್ಕೆಜೋಳದ ರಾಶಿಯ ಕಾಲದಲ್ಲಿ ಕಣ್ಣುರಿ ಸಹಜ. ಆದರೆ ಕಣದ ಕಡೆ ಸುಳಿಯದ ಮಗುವಿಗೂ ಹೀಗಾದರೆ, ಅದರ ಕೈಯಲ್ಲಿರುವ ಮೊಬೈಲಿನ ಕಡೆ ನೋಡಬೇಕು. 2020-21ರಲ್ಲಿ ಕೊರೊನಾದಿಂದ ಶಾಲೆಗಳು ಮುಚ್ಚಿದಾಗ ಪಾಠಕ್ಕೆಂದು ಎಷ್ಟೋ ಮನೆಗಳಿಗೆ ಬಂದ ಮೊಬೈಲು, ಶಾಲೆ ತೆರೆದ ಮೇಲೂ ಮಕ್ಕಳ ಕೈಯಲ್ಲಿಯೇ ಉಳಿದಿದೆ.

ಕಣ್ಣೂ ಹೊಲದಂತೆಯೇ. ಹೊಲದಲ್ಲಿ ಹಸಿ ಆರದಿರಲೆಂದು ನೀವು ಎಡೆಕುಂಟೆ ಹೊಡೆಯುತ್ತೀರಿ. ಮೇಲಿನ ಪುಡಿಮಣ್ಣು ಕೆಳಗಿನ ಹಸಿಯನ್ನು ಕಾಯುತ್ತದೆ. ಕಣ್ಣಿನ ಮೇಲೂ ಕಣ್ಣೀರಿನ ತೆಳುವಾದ ಪದರವಿದೆ. ಅದು ಆರದಂತೆ ಮೇಲೊಂದು ಜಿಡ್ಡಿನ ಪದರವಿದೆ. ಈ ಜಿಡ್ಡು ರೆಪ್ಪೆಯ ಅಂಚಿನ ಗ್ರಂಥಿಗಳಿಂದ ಬರುತ್ತದೆ. ನಾವು ರೆಪ್ಪೆ ಬಡಿದಾಗಲೆಲ್ಲ ಜಿಡ್ಡು, ನೀರು ಎರಡೂ ಕಣ್ಣಿನ ತುಂಬ ಹರಡುತ್ತವೆ. ಬಡಿಯುವುದು ಕಡಿಮೆಯಾದರೆ ಪದರ ಒಡೆದು ಕಣ್ಣು ಆರುತ್ತದೆ.

ಪರದೆಯನ್ನು ದಿಟ್ಟಿಸುವಾಗ ಆಗುವುದು ಇದೇ. ಜಪಾನಿನ ವೈದ್ಯರಾದ ಸುಬೋಟಾ ಮತ್ತು ನಕಮೋರಿಯವರು 1993ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಕಚೇರಿ ಕೆಲಸಗಾರರು ಆರಾಮವಾಗಿದ್ದಾಗ ನಿಮಿಷಕ್ಕೆ ಸರಾಸರಿ 22 ಬಾರಿ, ಪುಸ್ತಕ ಓದುವಾಗ 10 ಬಾರಿ, ಕಂಪ್ಯೂಟರಿನ ಪರದೆ ನೋಡುವಾಗ ಕೇವಲ 7 ಬಾರಿ ರೆಪ್ಪೆ ಬಡಿಯುತ್ತಿದ್ದರು. ಪರದೆಯಲ್ಲಿ ಮಗ್ನರಾದ ಮಕ್ಕಳೂ ಹೀಗೆಯೇ. ಎಷ್ಟೋ ಸಲ ರೆಪ್ಪೆ ಪೂರ್ತಿ ಮುಚ್ಚುವುದೂ ಇಲ್ಲ.

ಉರಿ, ಕೆಂಪು, ಅಕ್ಷರ ಮಸುಕಾಗಿ ರೆಪ್ಪೆ ಬಡಿದೊಡನೆ ತಿಳಿಯಾಗುವುದು, ಇವು ಇದರ ಗುರುತುಗಳು. ಒಣಗಿದ ಕಣ್ಣಿನಿಂದ ನೀರು ಸುರಿಯುವುದೂ ಉಂಟು. ಉರಿಗೆ ಕಣ್ಣು ಕೊಡುವ ಉತ್ತರವದು. ಆದುದರಿಂದ ಪರೀಕ್ಷೆಯ ಹೊತ್ತಿನಲ್ಲಿ ಮಗು "ಕಣ್ಣು ಮಂಜಾಗಿದೆ" ಎಂದರೆ ಓದಿನ ಕಳ್ಳತನವೆಂದು ಗದರಿಸಬೇಡಿರಿ.

ಮಾಡತಕ್ಕದ್ದು ಇಷ್ಟು:

1. ಇಪ್ಪತ್ತು ನಿಮಿಷಕ್ಕೊಮ್ಮೆ, ಇಪ್ಪತ್ತು ಸೆಕೆಂಡು, ಇಪ್ಪತ್ತು ಅಡಿಗಿಂತ ದೂರದ ಬೇವಿನ ಮರವನ್ನೋ ಗುಡ್ಡವನ್ನೋ ನೋಡಲಿ. ಆಗ ಕಣ್ಣನ್ನು ಪೂರ್ತಿ ಮುಚ್ಚಿ ತೆರೆಯಲಿ.

2. ಮೊಬೈಲು ಕಣ್ಣಿನ ಮಟ್ಟಕ್ಕಿಂತ ತುಸು ಕೆಳಗಿರಲಿ. ಮೇಲಕ್ಕೆ ನೋಡಿದರೆ ರೆಪ್ಪೆ ಅಗಲವಾಗಿ ತೆರೆದು ಕಣ್ಣು ಬೇಗ ಆರುತ್ತದೆ.

3. ಫ್ಯಾನಿನ ಗಾಳಿ ನೇರವಾಗಿ ಮುಖಕ್ಕೆ ಬೀಸದಿರಲಿ. ಮಲಗುವಾಗ ಮೊಬೈಲು ಹಿರಿಯರ ಬಳಿ ಇರಲಿ.

4. ನುಗ್ಗೆಸೊಪ್ಪು, ಪಪ್ಪಾಯಿ ಊಟದಲ್ಲಿರಲಿ. ಎ ಜೀವಸತ್ವದ ಕೊರತೆಯಿಂದಲೂ ಕಣ್ಣು ಒಣಗುತ್ತದೆ. ಇರುಳುಗಣ್ಣು ಇದ್ದರೆ ತಡಮಾಡದೆ ವೈದ್ಯರಿಗೆ ತೋರಿಸಿರಿ.

ಮಾಡಬಾರದ್ದೂ ಉಂಟು. ಹರಳೆಣ್ಣೆಯನ್ನಾಗಲಿ, ಸೊಪ್ಪಿನ ರಸವನ್ನಾಗಲಿ ಕಣ್ಣಿಗೆ ಬಿಡಬೇಡಿರಿ. ವೈದ್ಯರ ಚೀಟಿಯಿಲ್ಲದೆ ಅಂಗಡಿಯಿಂದ ಕಣ್ಣಿನ ಹನಿ ತರಬೇಡಿರಿ. ಸ್ಟಿರಾಯ್ಡ್ ಇರುವ ಹನಿ ಕೆಂಪನ್ನು ಬೇಗ ಇಳಿಸುತ್ತದೆ. ಆದರೆ ತಿಂಗಳುಗಟ್ಟಲೆ ಹಾಕಿದರೆ ಕಣ್ಣಿನ ಒತ್ತಡ ಏರಿ ದೃಷ್ಟಿ ಹೋಗಬಹುದು. ಹಾಗೆ ಹೋದ ದೃಷ್ಟಿ ಮರಳುವುದಿಲ್ಲ.

ನೋವು, ಕೀವು, ಬೆಳಕು ತಾಳದಿರುವುದು ಕಂಡರೆ ಅಥವಾ ದೂರದ ಹಲಗೆ ಕಾಣದಿದ್ದರೆ ತಾಲ್ಲೂಕು ಆಸ್ಪತ್ರೆಗೆ ಹೋಗಿರಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ ಬಂದಾಗ ಮಗುವಿನ ಕಣ್ಣನ್ನು ತಪ್ಪದೆ ತೋರಿಸಿರಿ.

ನೊಣ, ಕೊಳೆಯಿಂದ ಹರಡುತ್ತಿದ್ದ ಟ್ರಕೋಮಾ ರೋಗವು ಭಾರತದಲ್ಲಿ ಸಾರ್ವಜನಿಕ ಆರೋಗ್ಯ ಸಮಸ್ಯೆಯಾಗಿ ಉಳಿದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಸಾರಿತು. ಅದಕ್ಕೆ ದಶಕಗಳ ದುಡಿಮೆ ಬೇಕಾಯಿತು. ಮೊಬೈಲಿನಿಂದ ಒಣಗುವ ಕಣ್ಣಿಗೆ ಅಷ್ಟು ಬೇಡ. ಮೊದಲಲ್ಲೇ ಎಚ್ಚೆತ್ತರೆ ಮನೆಯ ಶಿಸ್ತೇ ಬಹುಮಟ್ಟಿಗೆ ಸಾಕು. ಆ ಶಿಸ್ತನ್ನು ಹಿರಿಯರೇ ಮೊದಲು ಪಾಲಿಸಿ ತೋರಿಸಬೇಕು.